ಗಂಜಿ ಕುಡಿದ ಇಲಿಗಳು

ಯಾರಾದರೂ ಜಾಗಟೆ ಎತ್ತಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ನಾಲ್ಕು ಕೂಸುಗಳು ಉಳಿಯಲಿಲ್ಲವೆಂದು ನಮ್ಮವ್ವ ನನ್ನನ್ನು ತಿಪ್ಪೆಯ ಮೇಲೆ ಉರುಳಾಡಿಸಿ ಆ ಹೆಸರಿಟ್ಟಳು. ಕಸವೆಂದುಕೊಂಡು ಸಾವು ಮುಟ್ಟದೆ ಹೋಗಲಿ ಎಂಬ ಆಸೆ. ನಮ್ಮೂರ ಬೀದಿಯಲ್ಲಿ ನಿಂತು 'ತಿಪ್ಪಾ' ಎಂದು ಕೂಗಿದರೆ ಹತ್ತು ಬಾಗಿಲಿನಿಂದ ಹತ್ತು ತಲೆ ಇಣುಕುತ್ತವೆ. ಮಿಕ್ಕವರು ಗುಂಡ, ಕಲ್ಲ, ಕಾಡ. ಕೇಳಲು ಚೆಂದವಾದ ಹೆಸರು ಯಾರಿಗಾದರೂ ಇದ್ದರೆ ಅವರು ಹೊರಗಿನಿಂದ ಬಂದವರೆಂದೇ ತಿಳಿಯಬೇಕು.

ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಒಂದು ಜಾಗಟೆ, ಅದರ ಜೊತೆಗೊಂದು ಕೋಲು ತೂಗುಹಾಕಿರುತ್ತದೆ. ವಾದಮಂಟಪದಲ್ಲಿ ಒಮ್ಮೆ ಸೋತ ಮಾತನ್ನು ಊರೊಳಗೆ ಮತ್ತೆ ಯಾರೂ ಆಡುವಂತಿಲ್ಲ. ಆಡಿದರೆ ಕಿವಿಗೆ ಬಿದ್ದವರೆಲ್ಲ ಜಾಗಟೆ ಬಡಿಯಬೇಕು, ಆಡಿದವರ ಬಾಯಿ ಮುಚ್ಚುವ ತನಕ ಬಡಿಯಬೇಕು. ಹೀಗೆ ಸೋತ ಮಾತುಗಳು ನನಗೆ ತಿಳಿದಂತೆ ಎಪ್ಪತ್ತರ ಮೇಲಿವೆ. ಮೂಡಲ ಬೀದಿಯ ಕಡಲೆಪುರಿ ಪಡುವಲ ಬೀದಿಯದಕ್ಕಿಂತ ಗರಿಗರಿ ಎಂಬುದೂ ಅದರಲ್ಲೊಂದು. ಜನ ಮೂಡಲ ಬೀದಿಗೆ ಹೋಗಿ, ಕೊಂಡು, ತಿಂದು, ಬಾಯಿ ಒರೆಸಿಕೊಂಡು ಸುಮ್ಮನೆ ಬರುತ್ತಾರೆ. ಅಷ್ಟರಮಟ್ಟಿಗೆ ನಾವು ಜಾಣರೇ.

ಆದರೆ ಎಲ್ಲ ಮಾತೂ ಕಡಲೆಪುರಿಯ ಮಾತಲ್ಲ. ನನಗೆ ಹತ್ತು ವರ್ಷವಿದ್ದಾಗ ಸೂಲಗಿತ್ತಿ ನಿಂಗಿ ಮಂಟಪ ಹತ್ತಿ, ಊರ ಬಾವಿಯ ನೀರಿನಿಂದಲೇ ಕೂಸುಗಳಿಗೆ ಜ್ವರ ಬರುತ್ತದೆ ಎಂದಳು. ಅವಳಿಗೆ ಹೆರಿಗೆ ಮಾಡಿಸಲು ಬರುತ್ತಿತ್ತೇ ಹೊರತು ವಾದ ಮಾಡಲು ಬರುತ್ತಿರಲಿಲ್ಲ. 'ದೊಡ್ಡವರೂ ಅದೇ ನೀರು ಕುಡಿಯುತ್ತಾರಲ್ಲ, ಅವರಿಗೇಕೆ ಬರುವುದಿಲ್ಲ?' ಎಂದು ಎದುರಾಳಿ ಕೇಳಿದ. ನಿಂಗಿ ತೊದಲಿದಳು. ಜನ ಎದುರಾಳಿಯ ಕಡೆಗೆ ಹೋಗಿ ನಿಂತರು, ತೀರ್ಪಿನ ಗಂಟೆ ಹೊಡೆಯಿತು, ಮಾತು ಸತ್ತಿತು. ಕೂಸುಗಳು ಮಾತ್ರ ಮುಂಚಿನ ಹಾಗೆಯೇ ಸಾಯುತ್ತಾ ಬಂದವು.

ನಮ್ಮಲ್ಲಿ ಒಂಬತ್ತನೇ ತಿಂಗಳಲ್ಲಿ ಕೂಸಿಗೆ ನೀರು ಮುಟ್ಟಿಸುವ ಶಾಸ್ತ್ರ. ಅಲ್ಲಿಯವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಇಲ್ಲ. ಆ ದಿನ ಬಾವಿಯಿಂದ ಆಗತಾನೇ ಸೇದಿದ ನೀರನ್ನು ಬೆಳ್ಳಿಯ ಒಳಲೆಯಲ್ಲಿ ಕುಡಿಸುತ್ತಾರೆ, ಸೋಬಾನೆ ಹಾಡುತ್ತಾರೆ. ಮುಂದಿನ ಒಂದು ತಿಂಗಳು ಉಳಿದರೆ ಹೆಸರಿಡುತ್ತಾರೆ. ಉಳಿಯದಿದ್ದರೆ ಹೆಸರಿನ ಖರ್ಚೂ ಇಲ್ಲ.

ನನ್ನ ಮಗ ಕಲ್ಲೇಶಿ ಹೊರಗಿನ ಹೆಣ್ಣು ತಂದ. ವಾರಿಜ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಬಂದಳು, ಕುಡಿದಳು, ಮೂರು ತಿಂಗಳು ಮಲಗಿ ಹೇಗೋ ಎದ್ದಳು. ಅವಳ ಮೊದಲ ಗಂಡುಕೂಸು ನೀರು ಮುಟ್ಟಿಸಿದ ಆರನೇ ದಿನ ಹೋಯಿತು. ಎರಡನೆಯದು ಹೆಣ್ಣು, ಈ ಕಥೆ ಶುರುವಾಗುವಾಗ ಅದಕ್ಕೆ ಎಂಟು ತಿಂಗಳು. ನಾನು ಎತ್ತಿಕೊಂಡರೆ ನನ್ನ ಮೂಗುಬೊಟ್ಟು ಹಿಡಿದು ಜಗ್ಗುತ್ತಿತ್ತು. ಹಂಬಲ ಇಟ್ಟುಕೊಳ್ಳಬಾರದೆಂದು ಎಷ್ಟು ಅಂದುಕೊಂಡರೂ ಮನಸ್ಸು ಕೇಳಲಿಲ್ಲ.

ನಾನು ಕೆಲಸಕ್ಕಿದ್ದುದು ಇಲಿಮನೆಯಲ್ಲಿ. ಹೊರಗಿನ ಹಲಗೆಯಲ್ಲಿ ಜೀವಶಾಸ್ತ್ರ ಪ್ರಯೋಗಶಾಲೆ ಎಂದಿದೆ, ಊರಿನವರ ಬಾಯಲ್ಲಿ ಇಲಿಮನೆ. ಅದರ ಯಜಮಾನರು ಧರಣಪ್ಪ ಮೇಷ್ಟ್ರು. ಅವರೂ ಹೊರಗಿನವರೇ, ಇಲ್ಲಿ ಮೂರು ಕೂಸುಗಳನ್ನು ಮಣ್ಣು ಮಾಡಿದವರು. ಹನ್ನೊಂದು ವರ್ಷದಿಂದ ಎರಡು ಕೋಣೆಗಳಲ್ಲಿ ಬಿಳಿ ಇಲಿ ಸಾಕುತ್ತಿದ್ದರು. ಒಂದನೇ ಕೋಣೆಯವಕ್ಕೆ ಊರ ಬಾವಿಯ ನೀರು, ಎರಡನೇ ಕೋಣೆಯವಕ್ಕೆ ಮಳೆನೀರು. ನೀರು ಹಾಕುವುದು, ಬುಟ್ಟಿ ತೊಳೆಯುವುದು, ಸತ್ತದ್ದನ್ನು ಎತ್ತಿ ಹಾಕುವುದು ನನ್ನ ಕೆಲಸ. ಮೊದಲ ವರ್ಷ ಒಂದನೇ ಕೋಣೆಯಲ್ಲಿ ಹತ್ತು ಮರಿ ಹುಟ್ಟಿದರೆ ಒಂಬತ್ತು ಸಾಯುತ್ತಿದ್ದವು. ಉಳಿದವು ಮರಿ ಹಾಕಿದರೆ ಹತ್ತಕ್ಕೆ ಎಂಟು. ಹೀಗೇ ಇಳಿಯುತ್ತಾ ಬಂದು, ನಲವತ್ತು ತಲೆಮಾರಾದ ಮೇಲೆ ಹತ್ತಕ್ಕೆ ಒಂದು ಸತ್ತರೆ ಹೆಚ್ಚು. ಅದೇ ಎರಡನೇ ಕೋಣೆಯ ಮರಿಗೆ ಆ ನೀರು ಹಾಕಿದರೆ ಈಗಲೂ ವಾರದೊಳಗೆ ಕಾಲು ಸೆಟೆದುಕೊಳ್ಳುತ್ತಿತ್ತು.

ಸೋತ ಮಾತನ್ನು ಎಬ್ಬಿಸಲು ನಮ್ಮೂರಲ್ಲಿ ಒಂದೇ ದಾರಿ. ಅದಕ್ಕೆ ಆಸರೆಯಾಗುವ ಇನ್ನೊಂದು ಮಾತು ಮಂಟಪದಲ್ಲಿ ಗೆಲ್ಲಬೇಕು. ಮೇಷ್ಟ್ರು ಹನ್ನೊಂದು ವರ್ಷ ಕಾದದ್ದು ಅದಕ್ಕೇ. ಒಂದು ದಿನ ನನ್ನನ್ನು ಕೂರಿಸಿಕೊಂಡು, 'ತಿಪ್ಪಮ್ಮಾ, ನಿಂಗಿಗೆ ಕೇಳಿದ ಪ್ರಶ್ನೆಗೆ ಉತ್ತರ ಈ ಕೋಣೇಲಿದೆ. ತಾಳಿದ್ದು ಉಳೀತು, ತಾಳದ್ದು ಹೋಯ್ತು, ಉಳಿದದ್ದರ ಮಕ್ಕಳು ತಾಳೋ ಹಾಗೇ ಹುಟ್ಟಿದ್ವು. ಈ ಊರಿನ ದೊಡ್ಡೋರಿಗೆ ಯಾಕೆ ಏನೂ ಆಗಲ್ಲ ಅಂದ್ರೆ, ಆಗೋರೆಲ್ಲ ಕೂಸಾಗಿದ್ದಾಗ್ಲೇ ಹೋದ್ರು. ಮೊದ್ಲು ಇಲೀದು ಗೆಲ್ಲಲಿ, ಆಮೇಲೆ ಬಾವೀದು ತಾನಾಗೇ ಏಳುತ್ತೆ' ಎಂದರು.

'ನಮ್ಮ ಕೂಸಿಗೆ ಇನ್ನೊಂದು ತಿಂಗಳಷ್ಟೇ ಬಾಕಿ ಮೇಷ್ಟ್ರೇ' ಎಂದೆ.

'ಅದಕ್ಕೇ ಈ ಹುಣ್ಣಿಮೆಗೇ ಮಂಟಪ ಕೇಳಿದೀನಿ. ನೀನೇ ಸಾಕ್ಷಿ.'

ಎದುರಾಳಿಯಾಗಿ ನಿಂತವರು ಗುಂಡೂರಾಯರು. ನಲವತ್ತು ವರ್ಷದಲ್ಲಿ ಒಂದು ವಾದವನ್ನೂ ಸೋತವರಲ್ಲ. ಕೆಟ್ಟವರೆಂದು ಹೇಳಲಾರೆ. ಹಬ್ಬಕ್ಕೆ ಬೀದಿಯ ಮಕ್ಕಳಿಗೆಲ್ಲ ಕೊಬ್ಬರಿ ಮಿಠಾಯಿ ಹಂಚುತ್ತಿದ್ದರು. ಆದರೆ ಎದುರಿಗೊಂದು ಮಾತು ಕಂಡರೆ ಅದನ್ನು ಕೆಡವದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಮಂಟಪ ಕಿಕ್ಕಿರಿದಿತ್ತು. ಮೇಷ್ಟ್ರು ಎರಡು ಬುಟ್ಟಿ ಇಲಿ ಮುಂದಿಟ್ಟು, ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತವೆ, ತಾಳುವ ಗುಣ ಉಳಿಯುತ್ತದೆ, ಇಲಿಮನೆಯ ಇಲಿಗಳೇ ಅದಕ್ಕೆ ಸಾಕ್ಷಿ ಎಂದರು. ಬಾವಿಯ ಹೆಸರೆತ್ತುವಂತಿರಲಿಲ್ಲವಾದ್ದರಿಂದ 'ಒಂದನೇ ನೀರು', 'ಎರಡನೇ ನೀರು' ಎಂದೇ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೇಳುತ್ತಿದ್ದವರಲ್ಲಿ ಒಂದನೇ ನೀರು ಯಾವುದೆಂದು ಗೊತ್ತಿಲ್ಲದವರು ಇರಲಿಲ್ಲ, ಗೊತ್ತಿದೆಯೆಂದು ತೋರಿಸಿಕೊಂಡವರೂ ಇರಲಿಲ್ಲ.

ಗುಂಡೂರಾಯರು ಎದ್ದು ಒಂದು ಇಲಿಯನ್ನು ಅಂಗೈ ಮೇಲೆ ಇಟ್ಟುಕೊಂಡರು. 'ಹನ್ನೊಂದು ವರ್ಷ ಆಯ್ತು. ಇದು ಬೆಕ್ಕಾಯ್ತೇನ್ರೀ ಮೇಷ್ಟ್ರೇ? ಅಳಿಲಾಯ್ತೇ? ಇಲಿ ಇಲಿಯಾಗೇ ಇದೆಯಲ್ಲ!'

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. 'ಬೆಕ್ಕಾಗೋಕೆ ಹೇಳಿಲ್ಲ ಸ್ವಾಮಿ. ಅದರಜ್ಜ ತಾಳದೇ ಇದ್ದದ್ದನ್ನ ಇದು ತಾಳುತ್ತೆ. ಹನ್ನೊಂದು ವರ್ಷಕ್ಕೆ ಇಷ್ಟು ನಡೆಯೋದಾದ್ರೆ ಲಕ್ಷಾಂತರ ವರ್ಷಕ್ಕೆ ಎಷ್ಟು ನಡೆದೀತು, ನೀವೇ ಯೋಚನೆ ಮಾಡಿ.'

'ನಡಿಗೆ ಅಂದ್ರೆ ತಾನಾಗಿ ನಡೀಬೇಕು. ಬುಟ್ಟಿ ನಿಮ್ಮದು, ಕಾಳು ನಿಮ್ಮದು, ನೀರು ನೀವು ಆರಿಸಿದ್ದು. ಕಾಡಲ್ಲಿ ಇಲಿಗೆ ಯಾರು ಬುಟ್ಟಿ ಹೆಣೀತಾರೆ? ಪ್ರಯೋಗಶಾಲೆಯಲ್ಲಿ ಕಂಡದ್ದು ಮನುಷ್ಯನ ಕೈ. ಅದನ್ನ ಪ್ರಕೃತಿ ಅಂತ ಕರೆದ್ರೆ ನಮ್ಮನೆ ಅಡುಗೆಯವಳೂ ಪ್ರಕೃತಿಯೇ.'

'ಇಲಿಗೇನು ಗೊತ್ತು ಸ್ವಾಮಿ? ಗಿಡುಗ ಬಂದರೂ ಸಾವು, ಬರ ಬಂದರೂ ಸಾವು, ನಾನು ನೀರಿಟ್ಟರೂ ಸಾವು. ನಾನು ನೀರಿಟ್ಟೆ ಅಷ್ಟೇ. ಯಾವುದು ಬದುಕಬೇಕು ಅಂತ ಆರಿಸಲಿಲ್ಲ. ಆರಿಸಿದ್ದು ನೀರು. ನಮ್ಮ ಕೈ ಒಂದು ಮರಿಯನ್ನೂ ಉಳಿಸಲಿಲ್ಲ, ಒಂದನ್ನೂ ಕೊಲ್ಲಲಿಲ್ಲ.'

ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರು ಮೂವರು ಎದ್ದು ಮೇಷ್ಟ್ರ ಕಡೆಗೆ ಹೋಗಿ ನಿಂತದ್ದನ್ನು ನಾನೇ ಕಂಡೆ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ವಾರಿಜ ನನ್ನ ಕಡೆ ನೋಡಿದಳು. ಗೆದ್ದೆವು ಎಂದುಕೊಂಡೆ.

ಆಗ ಗುಂಡೂರಾಯರು ನನ್ನನ್ನು ಕರೆದರು. 'ಬಾ ತಿಪ್ಪಮ್ಮ. ಹನ್ನೊಂದು ವರ್ಷ ಈ ಇಲಿಗಳನ್ನ ನೋಡಿಕೊಂಡವಳು ನೀನು. ನಿನ್ನ ಕೈ ಒಂದು ಮರಿಯನ್ನೂ ಉಳಿಸಿಲ್ಲ ಅಂತಾರೆ ಮೇಷ್ಟ್ರು. ಹೌದೇನಮ್ಮ?'

ಹೌದು ಎನ್ನಬೇಕಿತ್ತು. ಒಂದೇ ಮಾತು. ಅದನ್ನು ಹೇಳಿದ್ದರೆ ನಾನೀಗ ಈ ಕಥೆ ಹೇಳುತ್ತಿರಲಿಲ್ಲ. ಆದರೆ ನನ್ನ ಬಾಯಿಗೆ ಸುಳ್ಳು ಅಭ್ಯಾಸವಿರಲಿಲ್ಲ. 'ಒಂದೊಂದು ಸಲ ತಡೆಯಕ್ಕಾಗ್ತಿರ್ಲಿಲ್ಲ ಬುದ್ಧಿ' ಎಂದೆ. 'ಹುಟ್ಟಿದ ಮರಿ ನಡುಗ್ತಾ ಬಿದ್ದಿರೋದು. ಒಲೆ ಪಕ್ಕ ಒಂದು ಬುಟ್ಟಿ ಇಟ್ಕೊಂಡು, ಬತ್ತಿಯಲ್ಲಿ ಅದ್ದಿ ಒಂದಿಷ್ಟು ಗಂಜಿ ತಿಳಿ ಚೀಪಿಸ್ತಿದ್ದೆ. ದಪ್ಪಗಾದ ಮೇಲೆ ಮತ್ತೆ ಕೋಣೆಗೆ ಬಿಡ್ತಿದ್ದೆ.'

'ಒಂದನೇ ಕೋಣೆಗೆ?'

'ಹೂಂ ಬುದ್ಧಿ.'

'ಮೇಷ್ಟ್ರಿಗೆ ಹೇಳಿದ್ಯಾ?'

'ಬೈತಾರೆ ಅಂತ ಹೇಳ್ಲಿಲ್ಲ.'

ಮೇಷ್ಟ್ರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಬೈಯಲಿಲ್ಲ. ಮೆಲ್ಲಗೆ ಕೂತರು. ಗುಂಡೂರಾಯರು ಸಭೆಯ ಕಡೆಗೆ ತಿರುಗಿದರು. 'ಕೇಳಿದಿರಲ್ಲ? ತಾಳಿದ್ದು ಉಳಿದದ್ದಲ್ಲ, ತಿಪ್ಪಮ್ಮ ಕನಿಕರ ಪಟ್ಟದ್ದು ಉಳೀತು. ಕನಿಕರದ ಮೇಲೆ ಸಿದ್ಧಾಂತ ಕಟ್ಟಕ್ಕಾಗಲ್ಲ. ಇಲಿಮನೆಯಲ್ಲಿ ಕಂಡದ್ದು ಯಾವುದಕ್ಕೂ ಸಾಕ್ಷಿಯಲ್ಲ. ಇಲಿಗಾಗಲಿ, ಮನುಷ್ಯನಿಗಾಗಲಿ.'

ಜನ ಏಳತೊಡಗಿದರು. ಒಬ್ಬರ ಹಿಂದೊಬ್ಬರು ಗುಂಡೂರಾಯರ ಕಡೆಗೆ. ಕೆಲವರ ಮುಖದಲ್ಲಿ ಒಂದು ಸಮಾಧಾನವಿತ್ತು, ಸತ್ತ ಕೂಸುಗಳು ಸುಮ್ಮಸುಮ್ಮನೆ ಸತ್ತವೆಂದು ತೀರ್ಮಾನವಾದರೆ ತಾಯಂದಿರ ಕೈಗೆ ಪಾಪ ಅಂಟುವುದಿಲ್ಲ. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಆಗ ಒಲೆಯ ಪಕ್ಕದ ಆ ಬುಟ್ಟಿ ಕಣ್ಣಮುಂದೆ ಬಂತು. ಹನ್ನೊಂದು ವರ್ಷದಲ್ಲಿ ಆ ಬುಟ್ಟಿಯಿಂದ ಸತ್ತದ್ದೆಂದು ಎಷ್ಟು ಎತ್ತಿಹಾಕಿದ್ದೆ? ನೆನಪು ಮಾಡಿಕೊಂಡೆ. ಒಂದೂ ಇಲ್ಲ. ಗಂಜಿ ಕಾಯಿಸಿದ್ದು ಯಾವ ನೀರಿನಲ್ಲಿ? ಅದೇ ಬಾವಿ ನೀರಿನಲ್ಲಿ. ಕುದಿಸಿದ್ದೆ, ಅಷ್ಟೇ. ಹಸಿ ನೀರು ಕೊಲ್ಲುತ್ತಿದ್ದ ಮರಿಗಳನ್ನು ಕುದಿಸಿದ ನೀರು ಕೊಲ್ಲಲಿಲ್ಲ. ಕಣ್ಣೆದುರಿಗೇ ಇದ್ದುದನ್ನು ನಾನು ಕನಿಕರ ಎಂದುಕೊಂಡು ಹನ್ನೊಂದು ವರ್ಷ ಬಚ್ಚಿಟ್ಟಿದ್ದೆ.

'ಬುದ್ಧೀ, ನಿಲ್ಲಿ! ಆ ಗಂಜಿ ಮರಿ ಒಂದೂ...' ಎಂದು ಕೂಗಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇಲಿಮನೆಯ ಮಾತು ಸೋತ ಮಾತಾಗಿತ್ತು. ಮಂಟಪದ ಜಾಗಟೆಗಳು ಒಟ್ಟಿಗೆ ಎದ್ದವು, ನನ್ನ ಬಾಯಿ ಅಲ್ಲಾಡುತ್ತಿದ್ದದ್ದು ಕಂಡಿರಬಹುದು, ಮಾತು ನನಗೇ ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಆಡಬಾರದಾಗ ಆಡಿ, ಆಡಬೇಕಾದಾಗ ಆಡಲಾಗದೆ ಹೋಯಿತು.

ಮೇಷ್ಟ್ರು ಆ ವಾರವೇ ಇಲಿಮನೆಗೆ ಬೀಗ ಹಾಕಿ ಊರು ಬಿಟ್ಟರು. ಹೋಗುವಾಗ ನನ್ನ ತಲೆ ಮೇಲೆ ಕೈಯಿಟ್ಟು, 'ನಾನಾಗಿದ್ರೂ ಚೀಪಿಸ್ತಿದ್ದೆ ಕಣಮ್ಮ' ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಕಲ್ಲೇಶಿಗೆ ಹೇಳಲು ಬಾಯಿ ತೆರೆದೆ. ಇಲಿ ಎಂಬ ಮಾತು ಬರುತ್ತಲೇ ಅವನ ಕೈ ಬಾಗಿಲ ಪಕ್ಕಕ್ಕೆ ಹೋಯಿತು. ನಾನು ಹೆತ್ತ ಮಗ ನನ್ನ ಮುಂದೆ ಕಣ್ಣು ಮುಚ್ಚಿಕೊಂಡು ಜಾಗಟೆ ಬಡಿದ. ಸರಿ, ಮಾತಿಗೆ ಜಾಗಟೆ ಉಂಟು, ಕೈಗೆ ಇಲ್ಲವಲ್ಲ ಎಂದುಕೊಂಡೆ. ನೀರು ಮುಟ್ಟಿಸುವ ದಿನ ಬೆಳಿಗ್ಗೆ ಬಾವಿಯಿಂದ ತಂದ ಬಿಂದಿಗೆಯನ್ನು ಹಿತ್ತಿಲಿಗೆ ಒಯ್ದು ಚೆಲ್ಲಿ, ಕುದಿಸಿ ಆರಿಸಿದ್ದ ನೀರನ್ನು ಅದಕ್ಕೆ ತುಂಬಿದೆ. ವಾರಿಜ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು.

'ಯಾಕತ್ತೆ?'

'ಕೇಳಬೇಡ ಕಣೆ. ಇವತ್ತಿಂದ ಕೂಸಿಗೆ ಕುದಿಸಿ ಆರಿಸಿದ್ದೇ ಕೊಡು. ಒಂದು ತೊಟ್ಟೂ ಹಸೀದು ಬೇಡ.'

ಅವಳು ಕೇಳಲಿಲ್ಲ. ಒಂದು ಕೂಸನ್ನು ಕಳೆದುಕೊಂಡವಳಿಗೆ ಕಾರಣ ಬೇಕಿರಲಿಲ್ಲ. ಒಳಲೆಯಲ್ಲಿ ನೀರು ಕುಡಿಸಿದೆವು, ಹೆಂಗಸರು ಸೋಬಾನೆ ಹಾಡಿದರು. ಮೂರನೇ ದಿನ ಹಣೆ ಮುಟ್ಟಿ ನೋಡಿದೆ, ಆರನೇ ದಿನ ನೋಡಿದೆ. ತಣ್ಣಗಿತ್ತು. ತಿಂಗಳಾಯಿತು. ಕಲ್ಲೇಶಿ ನನ್ನ ಹೆಸರನ್ನೇ ಇಟ್ಟ, ಕರೆಯುವುದು ಚಿಕ್ಕತಿಪ್ಪಿ ಎಂದು. ಅವತ್ತು ಹಿತ್ತಿಲಿಗೆ ಹೋಗಿ ಅತ್ತೆ, ಸಂತೋಷಕ್ಕೇ ಅತ್ತೆ.

ಹೊರಗಿನ ಹೆಣ್ಣಿನ ಕೂಸು ಉಳಿಯಿತೆಂದರೆ ನಮ್ಮೂರಲ್ಲಿ ಸಣ್ಣ ಸುದ್ದಿಯಲ್ಲ. ಎದುರುಮನೆಯ ಚೆನ್ನಾಜಿ ತನ್ನ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. 'ತಿಪ್ಪಕ್ಕ, ಏನ್ ಮಾಡ್ದೆ, ಹೇಳ್ಬಿಡಕ್ಕ.' ಬಾವಿ ನೀರು ಕುದಿಸಿ ಕೊಡು ಎಂದು ನಿಜ ಹೇಳಿದರೆ ಜಾಗಟೆ. ಗಂಜಿಯಾದರೆ ಹೇಗೂ ಕುದಿದದ್ದೇ. ಬರೀ ಗಂಜಿ ತಿಳಿ ಕೊಡು ಎಂದರೆ ಯಾಕೆ ಎನ್ನುತ್ತಾಳೆ. ಆಗ ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳಿದೆ. 'ಕನಸಲ್ಲಿ ಅಮ್ಮ ಬಂದಿದ್ಲು. ಕೂಸಿಗೆ ಗಂಜಿ ತಿಳಿ ಕೊಡಿ ಅಂದ್ಲು.'

ಸುಳ್ಳಿಗೆ ಕಾಲಿಲ್ಲ ಎಂದವರು ಯಾರು? ನನ್ನ ಸುಳ್ಳು ಒಂದೇ ದಿನದಲ್ಲಿ ನಾಲ್ಕು ಬೀದಿ ಓಡಿತು. ಒಬ್ಬರೂ ಯಾಕೆಂದು ಕೇಳಲಿಲ್ಲ. ಕನಸಿನ ಜೊತೆ ವಾದ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಹದಿನೈದು ದಿನದೊಳಗೆ ಇಲಿಮನೆಯ ಜಗುಲಿಯ ಮೇಲೆ ಒಂದು ಕಲ್ಲು ನಿಲ್ಲಿಸಿ ಗಂಜಿಯಮ್ಮ ಎಂದು ಹೆಸರಿಟ್ಟು ಕುಂಕುಮ ಹಚ್ಚಿದರು. ನಾನು ಒಳಗೊಳಗೇ ನಕ್ಕೆ. ಹೇಗಾದರೂ ಕುಡಿಸಲಿ, ಕೂಸುಗಳು ಉಳಿದರೆ ಸಾಕು ಎಂದುಕೊಂಡೆ.

ಚೆನ್ನಾಜಿಯ ಮಗು ನೀರು ಮುಟ್ಟಿಸಿದ ಐದನೇ ದಿನ ಸತ್ತಿತು.

ಓಡಿಹೋದೆ. 'ಗಂಜಿ ಕೊಡ್ಲಿಲ್ವಾ?' ಎಂದೆ. 'ಕೊಟ್ಟೆ ಕಣಕ್ಕ' ಎಂದು ಎದೆ ಬಡಿದುಕೊಂಡಳು. 'ಅಮ್ಮ ಹೇಳಿದ ಹಾಗೇ ಮೊದಲು ಒಂದು ಒಳಲೆ ಗಂಜಿ ತಿಳಿ ಕೊಟ್ಟು, ಕೈ ಮುಗಿದು, ಆಮೇಲೇ ಬಾವಿ ನೀರು ಮುಟ್ಟಿಸಿದ್ದು.' ಕಾರಣ ಗೊತ್ತಿಲ್ಲದವರು ಗಂಜಿಯನ್ನು ಶಾಸ್ತ್ರ ಮಾಡಿಕೊಂಡಿದ್ದರು. ಒಂದು ಒಳಲೆ ಅಮ್ಮನಿಗಾಗಿ, ಮಿಕ್ಕದ್ದು ಎಂದಿನಂತೆ. ಎಲ್ಲ ಮನೆಯಲ್ಲೂ ಹಾಗೆಯೇ.

ಇನ್ನೊಂದು ಕನಸು ಬಿತ್ತೆಂದೆ. ಬಾವಿ ನೀರು ಹಸಿಯಾಗಿ ಕೊಡಲೇಬಾರದು, ಯಾವತ್ತೂ ಕುದಿಸಿಯೇ ಕೊಡಬೇಕು ಅಂದಳು ಅಮ್ಮ ಎಂದೆ. ಬಾವಿ ಎನ್ನುವಷ್ಟರಲ್ಲೇ ನಿಂಗಿಯ ಸೋತ ಮಾತಿನ ವಾಸನೆ ಹಿಡಿದು ಬೀದಿ ಜಾಗಟೆ ಎತ್ತಿತು. ಗಂಜಿಯಮ್ಮನ ಪೂಜಾರಿ, 'ಮೊದಲ್ನೇ ಕನಸು ಅಮ್ಮನ್ದು, ಎರಡನೇದು ಅಜೀರ್ಣದ್ದು' ಎಂದು ತೀರ್ಪು ಕೊಟ್ಟ. ಆ ವರ್ಷ ಹತ್ತೊಂಬತ್ತು ಕೂಸುಗಳು ಹೋದವು. ಪ್ರತಿಯೊಂದಕ್ಕೂ ಗಂಜಿ ಕೊಟ್ಟಿದ್ದರು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂಬ ಗಾದೆ ಮಾಡಿದವನು ನಮ್ಮೂರಿಗೆ ಬಂದಿರಲಾರ. ಇಲ್ಲಿ ಸತ್ಯವನ್ನೂ ನಾನೇ ಕೊಂದೆ, ಸುಳ್ಳನ್ನೂ ನಾನೇ ಕೂರಿಸಿದೆ.

ಮುಂದಿನ ವರ್ಷ ಒಂದು ಮಧ್ಯಾಹ್ನ ಗುಂಡೂರಾಯರು ನಮ್ಮ ಬಾಗಿಲಿಗೆ ಬಂದರು. ಕಾಲಲ್ಲಿ ಚಪ್ಪಲಿಯಿಲ್ಲ. ಅವರ ಮಗನೂ ಹೊರಗಿನ ಹೆಣ್ಣು ತಂದಿದ್ದ. ಮೊಮ್ಮಗನಿಗೆ ಹಿಂದಿನ ದಿನ ನೀರು ಮುಟ್ಟಿಸಿದ್ದರು, ಬೆಳಗಿನಿಂದ ಮೈ ಬಿಸಿ. ಚಿಕ್ಕತಿಪ್ಪಿ ಜಗುಲಿಯ ಮೇಲೆ ಬೆಂಡಿನ ಬಸವನನ್ನು ಎಳೆದಾಡುತ್ತಿದ್ದಳು. ಎರಡು ವರ್ಷ ತುಂಬುತ್ತಾ ಬಂದಿತ್ತು. ಅವಳ ಗುಂಡುಗುಂಡಾದ ತೋಳುಗಳನ್ನೇ ನೋಡುತ್ತಾ ಅವರು ನಿಂತರು.

'ತಿಪ್ಪಮ್ಮ, ಎಲ್ಲರೂ ಕೊಟ್ಟದ್ದನ್ನೇ ನೀನೂ ಕೊಟ್ಟೆ ಅಂತೀಯ. ನಿನ್ನ ಕೂಸು ಮಾತ್ರ ಉಳೀತು. ಅವತ್ತು ಮಂಟಪದಲ್ಲಿ ಗಂಟೆ ಹೊಡೆದಾಗ ನೀನೇನೋ ಕೂಗ್ತಿದ್ದೆ. ಅದೇನದು?'

'ಅದು ಸೋತ ಮಾತು ಬುದ್ಧಿ. ಸೋಲಿಸಿದೋರು ನೀವೇ.'

'ನಾನು ಸೋಲಿಸಿದ್ದು ವಾದವನ್ನ ಕಣಮ್ಮ. ಅದು ನಿಜವೋ ಸುಳ್ಳೋ ಅಂತ ನಾನು ಯಾವತ್ತೂ ನೋಡಿರ್ಲಿಲ್ಲ' ಎಂದರು. 'ಹೇಳು. ನಾನು ಜಾಗಟೆ ಮುಟ್ಟಲ್ಲ. ಕೇಳಿಸ್ಕೋತೀನಿ.' ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಊರಿಗೆ ಊರೇ ಬದಲಾಗದಿದ್ದರೂ ಸರಿ, ಒಬ್ಬರಾದರೂ ಕೇಳಲು ಬಂದಿದ್ದರು. ಇವರು ನಂಬಿದರೆ ನಾಳೆ ಮಂಟಪ ಹತ್ತುತ್ತಾರೆ, ಹತ್ತಿದರೆ ಗೆಲ್ಲುತ್ತಾರೆ. ಹತ್ತಿರ ಹೋಗಿ, 'ಇಲಿಮನೇಲಿ ಒಲೆ ಪಕ್ಕ ಒಂದು ಬುಟ್ಟಿ ಇತ್ತು ಬುದ್ಧಿ...' ಎಂದು ಶುರುಮಾಡಿದೆ.

ಢಣ್ ಎಂದಿತು. ತಿರುಗಿ ನೋಡಿದೆ. ಚಿಕ್ಕತಿಪ್ಪಿ ಬಸವನನ್ನು ಬಿಟ್ಟು, ಮೋಟು ಗೋಡೆ ಹತ್ತಿ ಕೋಲು ಕೈಗೆ ತೆಗೆದುಕೊಂಡಿದ್ದಳು. ಇಲಿ ಎಂಬ ಮಾತು ಕೇಳಿದರೆ ಏನು ಮಾಡಬೇಕೆಂದು ಅಪ್ಪನನ್ನು ನೋಡಿ ಕಲಿತಿದ್ದಳು. ಇನ್ನೊಮ್ಮೆ ಬಡಿದಳು. ಎದುರುಮನೆಯಿಂದ ಒಂದು ಜಾಗಟೆ ದನಿಗೂಡಿತು, ಪಕ್ಕದ ಮನೆಯಿಂದ ಇನ್ನೊಂದು, ಆಮೇಲೆ ಬೀದಿಗೆ ಬೀದಿಯೇ. ಗುಂಡೂರಾಯರು ಕಿವಿಯ ಹಿಂದೆ ಅಂಗೈ ಹಿಡಿದು ನನ್ನ ತುಟಿಗಳನ್ನೇ ನೋಡುತ್ತಾ ಬಗ್ಗಿದರು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ, ಕುದಿಸಿ, ಕುದಿಸಿ ಎಂದು. ಅವರು ಏನೂ ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ನನ್ನ ಮೊಮ್ಮಗಳು ಗಟ್ಟಿಮುಟ್ಟಾದ ಕೈಯಿಂದ, ನನ್ನ ಮುಖ ನೋಡಿ ನಗುತ್ತಾ, ಬಡಿಯುತ್ತಲೇ ಇದ್ದಳು.